ಹತ್ತು ಪಿನ್ನುಗಳ ಅಳತೆ

ಇಪ್ಪತ್ತೆಂಟು ವರ್ಷ ವರ್ನಿಯರ್ ಹಿಡಿದು ಅಳೆದ ಕೈಗೆ ಪ್ಯಾಕಿಂಗ್ ಟೇಪು ಕೊಡುವ ಮಾತನ್ನು ಮಾಲೀಕ ದರ್ಶನ್ ಆಡಿದ್ದು ಒಂದು ಸೋಮವಾರ ಬೆಳಿಗ್ಗೆ, ಅದೂ ಲೇತಿನವರೆಲ್ಲರ ಎದುರಿಗೆ. ಮಾತೇನೋ ಮೆದುವಾಗಿಯೇ ಇತ್ತು.

“ಬೈರಣ್ಣ, ಮುಂದಿನ ತಿಂಗಳಿಂದ ಎರಡನೇ ಚೆಕಿಂಗ್ ಬೇಡ. ದಾನಮ್ಮ ಒಬ್ರೇ ನೋಡ್ಕೋತಾರೆ. ನೀವು ಡಿಸ್ಪ್ಯಾಚಲ್ಲಿ ಆರಾಮಾಗಿ ಕೂತ್ಕೊಳಿ.”

“ಆಗ್ಲಿ ಸಾರ್,” ಅಂದ ಬೈರಯ್ಯ. ವರ್ನಿಯರನ್ನು ಮಾತ್ರ ಕೆಳಗಿಡಲಿಲ್ಲ.

ನಾಯಂಡಹಳ್ಳಿಯ ಆ ವರ್ಕ್‌ಶಾಪಿನಲ್ಲಿ ತಯಾರಾಗುವುದು ಉಕ್ಕಿನ ಪಿನ್ನುಗಳು. ದರ್ಶನ್‌ನ ತಂದೆ ಇದ್ದ ಕಾಲದಲ್ಲಿ ಒಂದು ಪದ್ಧತಿ ಮಾಡಿದ್ದರು: ಯಾವ ಲಾಟ್ ಹೊರಗೆ ಹೋಗುವುದಿದ್ದರೂ ಅದರಲ್ಲಿ ಹತ್ತು ಪಿನ್ನುಗಳನ್ನು ಬೈರಯ್ಯ ತನ್ನ ವರ್ನಿಯರ್‌ನಲ್ಲಿ ಮತ್ತೊಮ್ಮೆ ಅಳೆದು, ಹಾಳೆಯ ಮೇಲೆ ಬರೆದು, ಸಹಿ ಹಾಕಿ ಫೈಲಿಗೆ ಸೇರಿಸಬೇಕು. ಯಜಮಾನರು ಹೋದ ಮೇಲೂ ಪದ್ಧತಿ ಉಳಿಯಿತು. ಹಾಳೆ ಓದುವವರು ಮಾತ್ರ ಉಳಿಯಲಿಲ್ಲ.

ಎರಡು ವರ್ಷದ ಹಿಂದೆ ವಿಜಯಪುರದ ಕಡೆಯಿಂದ ಡಿಪ್ಲೊಮಾ ಮುಗಿಸಿ ಬಂದವಳು ದಾನಮ್ಮ. ಅವಳ ಜೊತೆಗೇ ಡಿಜಿಟಲ್ ಕ್ಯಾಲಿಪರ್ ಬಂತು, ವರ್ಕ್‌ಶಾಪಿಗೆಲ್ಲ ಅದೊಂದೇ. ಪಿನ್ನಿನ ಮೇಲೆ ದವಡೆ ಮುಚ್ಚಿದರೆ ಸಾಕು, ಪರದೆಯ ಮೇಲೆ ಅಂಕಿ. ಟೀ ತರುವವನೂ ಓದಬಹುದು. ವರ್ನಿಯರ್ ಹಾಗಲ್ಲ ಎಂಬುದೇ ಬೈರಯ್ಯನ ಹೆಮ್ಮೆ. ಕೆಳಗಿನ ದೊಡ್ಡ ದವಡೆ ಹೊರಗಿನ ದಪ್ಪಕ್ಕೆ, ಮೇಲಿನ ಸಣ್ಣ ದವಡೆ ತೂತಿನ ಒಳಗಲಕ್ಕೆ, ಬಾಲದಂತೆ ಹೊರಬರುವ ಕಡ್ಡಿ ಆಳಕ್ಕೆ ಎಂದು ಹೊಸಬರಿಗೆಲ್ಲ ಹೆಸರು ಹೇಳಿಸಿ ಕಲಿಸಿದವನು ಅವನು. ಮೇಲಿನ ಪಟ್ಟಿಯ ಯಾವ ಗೆರೆ ಕೆಳಗಿನ ಯಾವ ಗೆರೆಗೆ ನೇರ ನಿಂತಿದೆ ಎಂದು ಹಿಡಿಯುವುದಕ್ಕೆ ಕಣ್ಣು ಬೇಕು.

ಆ ಕಣ್ಣೇ ಕೈಕೊಟ್ಟಿತ್ತು. ವರ್ಷದಿಂದ ಪೊರೆ ಬಂದು ಗೆರೆಗಳೆಲ್ಲ ಕಲಸಿಹೋಗಿದ್ದವು. ಹೆಬ್ಬೆರಳ ಅಂದಾಜಿನಲ್ಲಿ ಅಳತೆ ಬರೆಯುತ್ತ ಬಂದಿದ್ದ. ಆಪರೇಷನ್‌ಗೆಂದು ರಜೆ ಹಾಕಿದರೆ ವಾಪಸು ಬರುವಷ್ಟರಲ್ಲಿ ಕುರ್ಚಿ ಇರುವುದಿಲ್ಲ ಎಂಬ ಭಯ. ಕಾಣಿಸುವುದಿಲ್ಲ ಎಂದು ಹೇಳುವಂತಿಲ್ಲ, ಕಾಣಿಸದೆ ನಡೆಯುವಂತಿಲ್ಲ. ಒಟ್ಟಿನಲ್ಲಿ ಸಿಕ್ಕಿಬಿದ್ದಿದ್ದ.

ದಾನಮ್ಮನದು ಒಂದೇ ಒಂದು ದೊಡ್ಡ ತಪ್ಪಾಗಲಿ, ಎರಡನೇ ಚೆಕಿಂಗಿಗೆ ಮತ್ತೆ ಬೆಲೆ ಬರುತ್ತದೆ. ಚಂದ್ರಾ ಲೇಔಟಿನ ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನೊಳಗೆ ಈ ಯೋಚನೆ ಬಂತು. ತಪ್ಪು ತಾನಾಗಿ ಆಗಬೇಕೆಂದೇನೂ ಇಲ್ಲವಲ್ಲ ಎಂಬ ಯೋಚನೆ ಬರಲು ಮತ್ತೊಂದು ಸಿಗ್ನಲ್ ಬೇಕಾಯಿತು.

ಡಿಜಿಟಲ್‌ಗೆ ಬುದ್ಧಿ ಇದೆ, ವಿವೇಕ ಇಲ್ಲ. ಝೀರೋ ಬಟನ್ ಎಲ್ಲಿ ಒತ್ತಿದರೆ ಅದನ್ನೇ ಸೊನ್ನೆ ಎಂದು ನಂಬುತ್ತದೆ. ದವಡೆಗಳ ನಡುವೆ ಮಿಲಿಮೀಟರಿನ ನೂರರಲ್ಲಿ ಎಂಟು ಭಾಗ ದಪ್ಪದ ತೆಳು ತಗಡಿಟ್ಟು ಒತ್ತಿದರೆ, ಆಮೇಲೆ ಅಳೆದದ್ದೆಲ್ಲ ಅಷ್ಟು ಕಡಿಮೆ ತೋರಿಸುತ್ತದೆ. ದಾನಮ್ಮ ಬೆಳಿಗ್ಗೆ ಬಂದ ಕೂಡಲೇ ದವಡೆ ಒರೆಸಿ, ಮುಚ್ಚಿ, ಸೊನ್ನೆ ನೋಡುತ್ತಾಳೆ. ಆಮೇಲೆ ಸಂಜೆಯವರೆಗೂ ನೋಡುವುದಿಲ್ಲ. ಒಂದು ಗಂಟೆಗೆ ರೊಟ್ಟಿ ಡಬ್ಬಿ ಹಿಡಿದು ಹಿಂದಿನ ಶೆಡ್ಡಿಗೆ ಹೋದರೆ ಬರುವುದು ಒಂದೂವರೆಗೆ. ಇನ್ನು ಬೇಕಾದದ್ದು ಅಳತೆಗಿಂತ ದಪ್ಪ ಉಳಿದ ಒಂದು ಲಾಟ್ ಮಾತ್ರ.

ಎಂಟು ದಿನ ಕಾದ. ಮಂಗಳವಾರ ಗ್ರೈಂಡಿಂಗ್‌ನಿಂದ ಎಂಟುನೂರು ಪಿನ್ನು ಬಂದವು. ಇಪ್ಪತ್ತೈದು ಮಿಲಿಮೀಟರಿಗಿಂತ ಒಂದು ಕೂದಲೂ ಹೆಚ್ಚಾಗಬಾರದ ಪಿನ್ನು. ಹೆಬ್ಬೆರಳಿಗೆ ಮುಟ್ಟಿದೊಡನೆ ಗೊತ್ತಾಯಿತು, ಇವು ದಪ್ಪ.

ಊಟದ ಹೊತ್ತಿಗೆ ಶೆಡ್ಡು ಖಾಲಿಯಾಯಿತು. ಮೊದಲು ಅವಳ ಡಿಜಿಟಲ್ ಇನ್ನೂ ಸರಿಯಾಗಿರುವಾಗಲೇ ಅದರಲ್ಲೇ ಹತ್ತು ಪಿನ್ನು ಅಳೆದು ತನ್ನ ಹಾಳೆಯಲ್ಲಿ ಇಳಿಸಿಕೊಂಡ. ಗಿರಾಕಿ ಕಂಪನಿಯವರು ನಾಳೆ ಅಳೆದು ನೋಡಿದರೆ ಕೂದಲೆಳೆ ವ್ಯತ್ಯಾಸವೂ ಬರಬಾರದು. ಅಂದಾಜಿನ ಆಟ ಇಲ್ಲಿ ನಡೆಯುವುದಿಲ್ಲ. ವರ್ಷದಿಂದ ಅಂಕಿಗಳನ್ನು ಅಷ್ಟು ಸ್ಪಷ್ಟವಾಗಿ ಅವನು ಕಂಡಿರಲಿಲ್ಲ. ಖುಷಿಯೂ ಆಯಿತು, ನಾಚಿಕೆಯೂ ಆಯಿತು. ಪಿನ್ನುಗಳ ತುದಿಗೆ ಎಂದಿನಂತೆ ಬಣ್ಣದ ಪೆನ್ನಿನಲ್ಲಿ ಒಂದರಿಂದ ಹತ್ತು ಬರೆದ. ಆಮೇಲೆ ತಗಡಿಟ್ಟು ಝೀರೋ ಒತ್ತಿದ. ‘ಅಳೆದ ಸಾಧನ’ ಎಂಬ ಕಡೆ ವರ್ನಿಯರ್ ಎಂದು ತುಂಬಿ, ಸಹಿ ಮಾಡಿ, ದರ್ಶನ್ ಎಂದೂ ಬಿಡಿಸದ ಫೈಲಿಗೆ ಸೇರಿಸಿದ.

ಊಟ ಮುಗಿಸಿ ಬಂದ ದಾನಮ್ಮ ಡಿಜಿಟಲ್ ಎತ್ತಿಕೊಂಡಳು. ದವಡೆಯನ್ನು ದುಪಟ್ಟಾದ ತುದಿಯಿಂದ ಒರೆಸಿದಳು. ಮುಚ್ಚಿ ನೋಡಿಬಿಡುತ್ತಾಳೇನೋ ಎಂದು ಬೈರಯ್ಯ ಕೈಯಲ್ಲಿದ್ದ ಕೆಲಸ ಬಿಟ್ಟು ಕಾದ. ನೋಡಲಿಲ್ಲ. ಮೊದಲ ಪಿನ್ನು ಅಳೆದಳು, ಪಾಸು ಮಾಡಿದಳು. ನಾಲ್ಕು ಗಂಟೆಗೆ ಎಂಟುನೂರೂ ಡಬ್ಬಿಯಲ್ಲಿದ್ದವು. ಅವಳು ಟೀಗೆ ಎದ್ದಾಗ ಬೈರಯ್ಯ ದವಡೆ ಪೂರ್ತಿ ಮುಚ್ಚಿ ಮತ್ತೊಮ್ಮೆ ಝೀರೋ ಒತ್ತಿ, ಎಲ್ಲ ಮೊದಲಿನಂತೆ ಮಾಡಿಟ್ಟ.

ಶುಕ್ರವಾರ ಇಡೀ ಲಾಟ್ ವಾಪಸು ಬಂತು. ಜೊತೆಗೆ ಕಂಪನಿಯ ಇಂಜಿನಿಯರ್ ಮಂಜುನಾಥ್.

“ನಾ ಎಲ್ಲಾ ನೋಡೀನ್ರಿ ಸರ. ಒಂದೂ ದಪ್ಪ ಇರಲಿಲ್ರಿ,” ಅಂದಳು ದಾನಮ್ಮ. ಅವಳ ಡಿಜಿಟಲ್ ಪರೀಕ್ಷಿಸಿದರು, ಸರಿಯಾಗಿಯೇ ಇತ್ತು.

“ಹಾಗಾದ್ರೆ ಎಂಟ್ನೂರು ಪಿನ್ ದಾರೀಲಿ ದಪ್ಪ ಆದ್ವಾ?” ದರ್ಶನ್ ಧ್ವನಿ ಏರಿತ್ತು. “ನಾಳೆಯಿಂದ ಬರೋದು ಬೇಡಮ್ಮ.”

ಬೈರಯ್ಯ ಕೆಮ್ಮಿದ. “ಮಂಗಳವಾರದ ನನ್ನ ರಿಪೋರ್ಟು ಫೈಲಲ್ಲೇ ಇದೆ ಸಾರ್. ದಪ್ಪ ಅಂತ ಬರ್ದಿದೀನಿ. ಓದೋರು ಯಾರು?”

ಬೈರಯ್ಯ ಗುರುತು ಹಾಕಿದ್ದ ಹತ್ತು ಪಿನ್ನುಗಳನ್ನು ಮಂಜುನಾಥ್ ಹುಡುಕಿ ತೆಗೆದು, ತನ್ನದೇ ಡಿಜಿಟಲ್‌ನಲ್ಲಿ ಅಳೆದು ಹಾಳೆಗೆ ಹೋಲಿಸಿದ. ಹತ್ತಕ್ಕೆ ಹತ್ತೂ ಸರಿಬಂದವು. “ಒಂದ್ ನೂರನೇ ಭಾಗಾನೂ ಆಚೆ ಈಚೆ ಇಲ್ಲ! ನಮ್ಮೆದುರಿಗೂ ಒಂದ್ ಸಲ ಅಳತೆ ತೆಗೀರಿ ಯಜಮಾನ್ರೇ, ನೋಡೋಣ,” ಅಂದ.

ಬೈರಯ್ಯ ವರ್ನಿಯರ್ ಎತ್ತಿ ನಾಲ್ಕನೇ ಪಿನ್ನು ಹಿಡಿದ. ಬೆಳಕಿಗೆ ತಿರುಗಿಸಿದ, ಗೆರೆಗಳಿರುವ ಕಡೆ ಬರೀ ಮಬ್ಬು. ಓಡಿಹೋಗಲು ಜಾಗವಿಲ್ಲ. ಹಾಳೆಯಲ್ಲಿ ಬರೆದದ್ದನ್ನು ನೆನಪಿನಿಂದ ಎಳೆದು, “ಇಪ್ಪತ್ತೈದು ಪಾಯಿಂಟ್ ಸೊನ್ನೆ ನಾಲ್ಕು,” ಅಂದ. ಸರಿಯಾಗಿತ್ತು. ದರ್ಶನ್ ಅವನ ಹೆಗಲ ಮೇಲೆ ಕೈಯಿಟ್ಟು, “ಎರಡನೇ ಚೆಕಿಂಗ್ ನಿಲ್ಸೋ ಮಾತೇ ಇಲ್ಲ ಬೈರಣ್ಣ,” ಅಂದ. ಬೆವರು ಒರೆಸಿಕೊಂಡ ಬೈರಯ್ಯನಿಗೆ ಕುಣಿಯುವಷ್ಟು ಸಂತೋಷವಾಯಿತು.

ಬ್ಯಾಗು ಹೆಗಲಿಗೇರಿಸಿದ್ದ ದಾನಮ್ಮ ಹಾಳೆ ಕೇಳಿ ತೆಗೆದುಕೊಂಡಳು. ಎರಡು ಸಲ ಓದಿದಳು.

“ಬೈರಯ್ಯ ಸರ, ಇವು ಹತ್ತೂ ನಿಮ್ಮ ವರ್ನಿಯರ್‌ದಾಗ ತಗದಿದ್ದೇನ್ರಿ?”

“ಮತ್ತಿನ್ನೇನಮ್ಮ? ನಿನ್ನ ಡಿಜಿಟಲ್ ನಾನು ಕೈಯಲ್ಲೂ ಮುಟ್ಟಲ್ಲ.”

“ಇದರಾಗ ಒಂದು ಸಣ್ಣ ಗೆರಿ ಅಂದ್ರ ಎಷ್ಟ್ರಿ?”

“ಮಿಲಿಮೀಟರಿನ ನೂರರಲ್ಲಿ ಎರಡು ಭಾಗ. ಡಿಪ್ಲೊಮಾ ಮಾಡಿ ಅಷ್ಟೂ ಗೊತ್ತಿಲ್ವೇನಮ್ಮ?” ಹೊಸಬರಿಗೆ ಹೇಳುವ ಗತ್ತಿನಲ್ಲೇ ಅಂದುಬಿಟ್ಟ.

ಅವಳು ಹಾಳೆಯನ್ನು ಮೇಜಿನ ಮೇಲಿಟ್ಟು ಒಂದೊಂದೇ ಅಳತೆಯ ಮೇಲೆ ಬೆರಳಿಡುತ್ತ ಹೋದಳು. 25.03. 25.05. 25.07. ಹತ್ತರಲ್ಲಿ ಏಳು ಇಂಥವು. ಮಂಜುನಾಥ್ ವರ್ನಿಯರ್ ಎತ್ತಿ ಗೆರೆಗಳನ್ನು ನೋಡಿದ, ಹಾಳೆ ನೋಡಿದ, ಬೈರಯ್ಯನ ಮುಖ ನೋಡಿದ. ಎರಡೆರಡಾಗಿ ಏರುವ ಆ ಗೆರೆಗಳಲ್ಲಿ ಎರಡಿದೆ, ನಾಲ್ಕಿದೆ, ಆರಿದೆ. ಮೂರಕ್ಕೆ, ಐದಕ್ಕೆ, ಏಳಕ್ಕೆ ಗೆರೆಯೇ ಇಲ್ಲ. ಅವು ಕಾಣುವುದು ಡಿಜಿಟಲ್‌ನ ಪರದೆಯ ಮೇಲೆ ಮಾತ್ರ, ಮತ್ತು ವರ್ಕ್‌ಶಾಪಿನಲ್ಲಿ ಅದಿದ್ದದ್ದು ದಾನಮ್ಮನ ಮೇಜಿನ ಮೇಲೆ. ದರ್ಶನ್ ಹೆಗಲಿನಿಂದ ಕೈ ತೆಗೆದು, ಗೋಡೆಯ ಕಪಾಟಿನಿಂದ ಹಳೆಯ ಫೈಲೊಂದನ್ನು ಎಳೆದು ಹಾಳೆ ತಿರುವತೊಡಗಿದ. ಅದರಲ್ಲಿ ಏನಿದೆ ಎಂದು ಬೈರಯ್ಯನಿಗೆ ಓದದೆಯೂ ಗೊತ್ತಿತ್ತು. ಆ ಮಂಗಳವಾರದವರೆಗೆ, ಇಪ್ಪತ್ತೆಂಟು ವರ್ಷದಲ್ಲಿ ಅವನು ಒಮ್ಮೆಯೂ ಕೊನೆಗೆ ಬೆಸ ಅಂಕಿ ಬರೆದಿರಲಿಲ್ಲ.