ಲೇಟ್ ಶೀಟಿನ ಗಿರಾಕಿ

ಹೊಸ ನೋಟಿಸನ್ನು ಅವನು ಓದಿದ. ಆಮೇಲೆ ಅದನ್ನು ಅಂಟಿಸಿದ್ದ ಗೋಡೆಗೇ ಸುತ್ತಿಗೆ ಬೀಸಿದ. ಒಂದೇ ಏಟಿಗೆ ನೋಟಿಸು ಹರಿದು, ಗಾರೆ ಉದುರಿ, ಹಿಂದಿದ್ದ ಇಟ್ಟಿಗೆ ಇಣುಕಿ ನೋಡಿತು.

ಅದು ಕಟ್ಟಡ ಕೆಡವುವ ಕಂಪನಿ. ಗೋಡೆ ಒಡೆಯುವುದಕ್ಕೇ ಅವನಿಗೆ ಸಂಬಳ; ಎಲ್ಲರೂ ಅವನನ್ನು ಕರೆಯುತ್ತಿದ್ದುದೂ 'ಸುತ್ತಿಗೆ' ಅಂತಲೇ. ಆಫೀಸಿನ ಗೋಡೆ ಮಾತ್ರ ಆ ಲೆಕ್ಕದಲ್ಲಿರಲಿಲ್ಲ.

"ಏಯ್ ಸುತ್ತಿಗೆ! ನಿನ್ನ ಬುರುಡೆ ಒಡೀತೀನಿ!" ಮ್ಯಾನೇಜರ್ ಹೊರಗೆ ನುಗ್ಗಿದರು.

"ಟೈಮ್‌ಶೀಟ್ ಲೇಟಾದ್ರೆ ಆ ವಾರದ ಸಂಬಳಾನೇ ಇಲ್ಲ ಅಂತ ಬರ್ದಿದ್ದೀರಲ್ಲ ಸಾರ್! ನಾನು ವಾರವಿಡೀ ಒಡೆದಿದ್ದೇನು, ಗಾಳೀನಾ?"

ಟೈಮಿಗೆ ಸರಿಯಾಗಿ ಕೊಡುವವರು ಶನಿವಾರವೇ ಶೀಟನ್ನು ಗೇಟಿನ ಪೆಟ್ಟಿಗೆಗೆ ಹಾಕಿ ಹೋಗುತ್ತಿದ್ದರು. ಲೇಟಾದವರು ಮಾತ್ರ ಸೋಮವಾರ ಆಫೀಸಿನ ಸಂಬಳದ ಕಿಟಕಿಗೆ ಬಂದು ಕೈಯಾರೆ ಕೊಡಬೇಕು. ಸುತ್ತಿಗೆ ಪ್ರತಿ ವಾರ ಲೇಟು. ಕಿಟಕಿಯ ಆಚೆ ಮ್ಯಾನೇಜರ ಅಣ್ಣನ ಮಗಳು ಕೂರುತ್ತಿದ್ದಳು. ಕಾಗದವನ್ನು ಕಚ್ಚುವ ಹಾಗೆ ಪಿನ್ ಹೊಡೆಯುವವಳು; ಕೆಲಸಗಾರರ ಬಾಯಲ್ಲಿ 'ಸ್ಟೇಪ್ಲರ್ ಮೇಡಂ'.

"ಮತ್ತೆ ಲೇಟಾ?" ಅವಳ ಎಡಹುಬ್ಬು ಮೇಲೇರುತ್ತಿತ್ತು.

"ಬಸ್ ಸಿಗ್ಲಿಲ್ಲ ಮೇಡಂ."

"ಪೆಟ್ಟಿಗೆ ಗೇಟಲ್ಲೇ ಇದೆ. ಅಲ್ಲಿಗೂ ಬಸ್ ಬೇಕಾ ನಿಮಗೆ?"

ಟಕ್! ಪಿನ್ನು ಶೀಟಿಗೆ ಬೀಳುತ್ತಿತ್ತು. ಚುಚ್ಚುತ್ತಿದ್ದುದು ಅವನ ಎದೆಗೆ. ತುಟಿಯ ತುದಿಯಲ್ಲಿ ಅವಳು ಒಂದು ನಗು ಅಡಗಿಸಿಕೊಳ್ಳುತ್ತಿದ್ದಳು. ಅದನ್ನು ನೋಡಿದ ದಿನ ಅವನ ಕೈಗೆ ಕಾಂಕ್ರೀಟೂ ರಸ್ಕಿನ ಹಾಗೆ ಪುಡಿಯಾಗುತ್ತಿತ್ತು.

ಇವತ್ತಿನ ಶೀಟೂ ಲೇಟಾಗಿ, ಆಗಲೇ ಅವಳ ಕೈ ಸೇರಿತ್ತು.

"ಯಾಕೆ ಲೇಟು ಅಂತ ಒಂದು ಕಾರಣ ಹೇಳು. ಸಂಬಳ ಬಿಡ್ತೀನಿ," ಅಂದರು ಮ್ಯಾನೇಜರ್.

ಅವನು ಕಿಟಕಿಯತ್ತ ನೋಡಿದ.  

"ಇಲ್ಲ ತಾನೇ? ಹೋಗ್ಲಿ ಬಿಡು, ಪುಕ್ಕಟೆ ಒಡೆದೆ ಅಂದ್ಕೋ!"

ಮರುಕ್ಷಣ ಮ್ಯಾನೇಜರ ಕಾಲರ್ ಅವನ ಮುಷ್ಟಿಯಲ್ಲಿತ್ತು, ಬೆನ್ನು ಗೋಡೆಗಿತ್ತು. ಸುತ್ತಿಗೆ ಮೇಲೆದ್ದಿತು.

"ಕೆಳಗಿಡ್ರೀ!" ಅವಳು ಕಿರುಚಿದಳು. "ಹೊಡೆದ್ರೆ ಸಂಬಳದ ಜೊತೆ ನೀವೂ ಹೋಗ್ತೀರಿ!"

ಅವನು ಇಳಿಸಿದ. ಇಳಿಸಿದ್ದೇ ತಡ, ಮ್ಯಾನೇಜರ ಗುದ್ದು ಅವನ ಬಾಯಿಗೆ ಬಿತ್ತು. ತುಟಿ ಸೀಳಿ ರಕ್ತ ಚಿಮ್ಮಿತು. ಶೀಟು ಹರಿದುಹಾಕಲು ಮ್ಯಾನೇಜರ್ ಕಿಟಕಿಯೊಳಗೆ ಕೈ ತೂರಿದರು.

ಅವಳು ಶಟರ್ ಎಳೆದಳು. ಧಡ್!

"ಅಯ್ಯಯ್ಯೋ! ಬೆರಳು! ನಿನ್ನ ಚಿಕ್ಕಪ್ಪನ ಬೆರಳು ಕಣೇ!"

"ಗೊತ್ತು. ಈ ಬೆರಳು ಹಿಡ್ಕೊಂಡೇ ನಾನು ನಡೆಯೋದು ಕಲ್ತಿದ್ದು." ಶಟರನ್ನು ಇನ್ನೂ ಒತ್ತಿದಳು. "ಈಗ ನೀವು ಕಲೀರಿ. ಲೇಟಾದ್ರೆ ಬೈಯಿರಿ, ಮೆಮೋ ಕೊಡಿ. ಮಾಡಿದ ಕೆಲಸದ ಸಂಬಳ ನುಂಗೋ ಹಾಗಿಲ್ಲ, ಕಾನೂನಿದೆ. ಕೆಲಸ ಮಾಡಿದ್ದು ಕಾಣ್ಲಿಲ್ವಾ? ಎದುರುಗಡೆ ಬಿಲ್ಡಿಂಗೇ ಇಲ್ವಲ್ಲ ಚಿಕ್ಕಪ್ಪಾ!"

"ಕಾರಣನಾದ್ರೂ ಹೇಳ್ಲಿ..."

"ಕಾರಣ ಏನೇ ಇರ್ಲಿ, ಸಂಬಳ ಕೊಡ್ಲೇಬೇಕು."

"ಆಯ್ತು ತಾಯಿ, ಕೊಡ್ತೀನಿ! ಎತ್ತು!"

ಅವಳು ಎತ್ತಿದಳು. ಮ್ಯಾನೇಜರ್ ಊದಿದ ಬೆರಳು ಬಾಯಲ್ಲಿಟ್ಟುಕೊಂಡು, ಎಡಗೈಯಲ್ಲಿ ಶೀಟಿಗೆ ಸೊಟ್ಟ ಸಹಿ ಗೀಚಿ ಒಳಗೆ ಓಡಿದರು.

ಸುತ್ತಿಗೆ ರಕ್ತ ಒರೆಸಿಕೊಂಡ. "ಏನೇ ಇರ್ಲಿ ಅಂದ್ರಲ್ಲ... ಹಾಗಾದ್ರೆ ಹೇಳ್ಬಿಡ್ತೀನಿ. ಪೆಟ್ಟಿಗೆ 'ಮತ್ತೆ ಲೇಟಾ' ಅನ್ನಲ್ಲ ಮೇಡಂ. ಅದಕ್ಕೆ ಹುಬ್ಬೂ ಇಲ್ಲ."

ಅವಳ ಕಿವಿ ಕೆಂಪಾಯಿತು. ಕರ್ಚೀಫನ್ನು ಅವನತ್ತ ಎಸೆದು, ಶಟರ್ ಇಳಿಸಿಬಿಟ್ಟಳು.

ಇಳಿಸಿದ ಶಟರನ್ನು ಅವನು 'ಇಲ್ಲ' ಅನ್ನುವ ಉತ್ತರ ಅಂದುಕೊಂಡ. ಮುಂದಿನ ಶೀಟನ್ನು ಶನಿವಾರವೇ ಟೈಮಿಗೆ ಸರಿಯಾಗಿ ಪೆಟ್ಟಿಗೆಗೆ ಹಾಕಿದ.

ಸೋಮವಾರ ಅವನು ಗೋಡೆಯೊಂದನ್ನು ಅರ್ಧ ಒಡೆದಿದ್ದಾಗ, ಧೂಳು ಸೀಳಿಕೊಂಡು ಅವಳು ಬಂದಳು. ಬಂದವಳೇ ಕೆನ್ನೆಗೆ ಬಿಟ್ಟಳು. ಹೆಲ್ಮೆಟ್ ಹಾರಿ ಬಿತ್ತು.

"ಯಾಕೋ ಬರ್ಲಿಲ್ಲ?"

'ನೀವು' ಆ ಏಟಿಗೇ ಸತ್ತುಹೋಗಿತ್ತು.

"ಶೀಟು ಟೈಮಿಗೆ ಬಂತಲ್ಲ ಮೇಡಂ?"

"ಶೀಟು ಬಂತು. ನೀನೆಲ್ಲೋ? ಬೆಳಗ್ಗೆಯಿಂದ ಶಟರ್ ಎತ್ತಿ ಕೂತಿದ್ದೀನಿ!"

"ಕೆನ್ನೆ ಉರೀತಿದೆ."

"ಇನ್ನೊಂದು ಬೇಕಾ?"

ಅವನು ಕಣ್ಣು ಮುಚ್ಚಿ ಇನ್ನೊಂದು ಕೆನ್ನೆ ಒಡ್ಡಿದ. ಈ ಸಲ ಬಿದ್ದದ್ದು ಏಟಲ್ಲ.

ಹಿಂದೆ ಅರ್ಧ ಒಡೆದಿದ್ದ ಗೋಡೆ ತಾನಾಗಿಯೇ ಧೊಪ್ಪೆಂದು ಕುಸಿಯಿತು. ಇಬ್ಬರೂ ತಿರುಗಿ ನೋಡಲಿಲ್ಲ.