ಇಪ್ಪತ್ತಮೂರನೇ ಪುಟದ ಕಪ್ಪು ಚೌಕ

"ಇದು ನಮ್ಮ ಗುಬ್ಬಿ ಅಲ್ಲ."

ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ವಸ್ತುಗಳನ್ನು ಕಾಯುವ ಮಾವ ಹೇಳಿದ್ದು ಇಷ್ಟೇ. ಬೆಳಗಿನ ಒಂಬತ್ತೂವರೆ. ವಸ್ತುಸಂಗ್ರಹಾಲಯದ ಬಾಗಿಲು ಜನಕ್ಕೆ ಇನ್ನೂ ತೆರೆದಿರಲಿಲ್ಲ. ಪೆಟ್ಟಿಗೆಯೊಳಗೆ ಮುಷ್ಟಿಗಾತ್ರದ ಮಣ್ಣಿನ ಗುಬ್ಬಿ ತನ್ನ ಪಾಡಿಗೆ ತಾನು ಕೂತಿತ್ತು. ಇಡೀ ಕಟ್ಟಡದಲ್ಲಿ ಅದಕ್ಕಿಂತ ಹಳೆಯ ವಸ್ತು ಇನ್ನೊಂದಿಲ್ಲ.

"ಹಾಗಂದ್ರೆ ಏನ್ರೀ?" ಅಂದರು ಮುಖ್ಯಸ್ಥೆ. ಅವರನ್ನು ಎಲ್ಲರೂ ಕರೆಯುವುದು ದೊಡ್ಡ ಮೇಡಂ ಅಂತ.

"ಕೊರಳಿಂದ ರೆಕ್ಕೆ ತನಕ ಒಂದು ಬಿರುಕಿತ್ತು, ಮೇಡಂ. ಕೂದಲೆಳೆ ಅಷ್ಟೇ. ಇದರ ಮೈಮೇಲೆ ಇಲ್ಲ. ಯಾರೋ ಬದಲಾಯಿಸಿದ್ದಾರೆ."

ಮೇಡಂ ಕಂಪ್ಯೂಟರಿನಲ್ಲಿ ವಸ್ತುಗಳ ಸಚಿತ್ರ ಪಟ್ಟಿ ತೆಗೆಸಿದರು. ಇಪ್ಪತ್ತಮೂರನೇ ಪುಟ. ಗುಬ್ಬಿಯ ಫೋಟೊ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರೂ ಬಿರುಕಿಲ್ಲ.

"ಎರಡು ವರ್ಷದ ಹಿಂದಿನ ಫೋಟೊ ಇದು. ಎಲ್ಲಿದೆ ನಿಮ್ಮ ಬಿರುಕು?"

ಮಾವ ಪರದೆಗೆ ಮುಖ ತಾಗುವಷ್ಟು ಬಗ್ಗಿದರು.

"ಪಾಪ, ವಯಸ್ಸು," ಅಂದರು ದುರಸ್ತಿ ಮೇಷ್ಟ್ರು. ಒಡೆದ ವಸ್ತುಗಳನ್ನು ಕೂಡಿಸುವುದು ಅವರ ಕೆಲಸ. ಬೆಣ್ಣೆ ಸವರಿದ ಹಾಗೆ ದನಿ. "ಹೋದ ವಾರ ತಮ್ಮ ಪಟ್ಟಿಯನ್ನೇ ಎಲ್ಲೋ ಇಟ್ಟು ಮರೆತರು. ಹನ್ನೆರಡಕ್ಕೆ ಸಮಿತಿ ಸೇರುತ್ತಲ್ಲ, ಅಲ್ಲೇ ಹೇಳಿ ಗೌರವವಾಗಿ ಮನೆಗೆ ಕಳಿಸಿಬಿಡೋಣ, ಮೇಡಂ."

ಮೇಡಂ ಇಲ್ಲ ಅನ್ನಲಿಲ್ಲ.

ಇಷ್ಟನ್ನೂ ಬಾಗಿಲ ಬಳಿ ಒಬ್ಬಳು ಹುಡುಗಿ ನಿಂತು ಕೇಳುತ್ತಿದ್ದಳು. ಹೆಗಲಲ್ಲಿ ಸ್ಕ್ರೂಡ್ರೈವರುಗಳ ಚೀಲ. ಪ್ರಿಂಟರ್ ರಿಪೇರಿ ಅವಳ ಕೆಲಸ. ಮಾವ ಅವಳ ತಾಯಿಯ ತಮ್ಮ. ಮೂವತ್ತೊಂದು ವರ್ಷ ಈ ವಸ್ತುಗಳನ್ನು ಕಾದವರು. ಅವರಿಗೆ ಮರೆವೇ? ಅವಳು ಹುಟ್ಟಿದ ದಿನ ಎಷ್ಟು ಗಂಟೆಗೆ ಯಾವ ದಾದಿ ಬಾಗಿಲು ತೆರೆದಳು ಅನ್ನುವುದನ್ನೂ ಹೇಳಬಲ್ಲವರು! ಹೇಳಬೇಕು ಅಂದುಕೊಂಡಳು. ಆದರೆ ಅವಳ ಮಾತು ಯಾವತ್ತೂ ಡೈರಿಗೆ ಬಂದಷ್ಟು ಬೇಗ ಬಾಯಿಗೆ ಬರುವುದಿಲ್ಲ.

"ಹೋಗು ಮರಿ, ನಿನ್ನ ಕೆಲಸ ನೋಡು," ಅಂದರು ಮಾವ, ಅವಳ ಮುಖ ನೋಡದೆ.

* * *

"ಬಾ ತಾಯಿ, ಈ ಮಹರಾಯನನ್ನ ಸ್ವಲ್ಪ ವಿಚಾರಿಸ್ಕೋ," ಅಂದಳು ಟೈಪಿಂಗ್ ಅಕ್ಕ, ಪ್ರಿಂಟರಿನ ತಲೆಗೊಂದು ಮೊಟಕಿ. "ಎಲ್ಲ ಹಾಳೆ ಸರಿಯಾಗಿ ಉಗುಳ್ತಾನೆ. ಆರನೇ ಹಾಳೆಗೆ ಮಾತ್ರ ಮಸಿ ಬಳೀತಾನೆ."

ಪಟ್ಟಿಗೆ ಅರವತ್ತು ಪುಟ. ಪುಟಕ್ಕೊಂದು ವಸ್ತು, ಒಂದು ಫೋಟೊ. ಮಾವ ಅದನ್ನು ಒಂದು ಹಾಳೆಗೆ ನಾಲ್ಕು ಪುಟದಂತೆ ಅಚ್ಚು ಹಾಕಿಸಿ, ಮಡಚಿ ಜೇಬಿಗಿಟ್ಟುಕೊಂಡು, ದಿನಾ ಬೆಳಿಗ್ಗೆ ಒಂದೊಂದಾಗಿ ಎಲ್ಲ ವಸ್ತು ನೋಡಿ ಪೆನ್ಸಿಲಿನಲ್ಲಿ ಗುರುತು ಹಾಕುವವರು. ಹಳೆಯದು ಕಳೆದುಹೋಗಿತ್ತು. ಹೊಸದು ಬೇಕಿತ್ತು.

ಅವಳು ಆರನೇ ಹಾಳೆ ಎತ್ತಿ ನೋಡಿದಳು. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ನಾಲ್ಕು ಚೆನ್ನಾಗಿವೆ. ಕೆಳಗೆ ಎಡಮೂಲೆಯಲ್ಲಿ ಗುಬ್ಬಿ ಇರಬೇಕಾದಲ್ಲಿ ಕಪ್ಪು ಚೌಕ.

ಇಪ್ಪತ್ತಮೂರು. ಅದೇ ಗುಬ್ಬಿ!

"ಒಂದು ಹಾಳೆಗೆ ಒಂದೇ ಪುಟ ಹಾಕಿದ್ರೆ?"

"ಹಾಕ್ದೆ. ಮುತ್ತಿನಂಥ ಗುಬ್ಬಿ ಬಂತು."

"ಪ್ರಿಂಟರಿನ ಮೆಮೊರಿ ಸಾಲದೇ ಇರಬಹುದು." ಆ ಒಂದೇ ಹಾಳೆಯನ್ನು ಬೇರೆಯಾಗಿ ಕಳಿಸಿದಳು. ಕಪ್ಪು.

"ಮಸಿ ಒತ್ತುವ ಡ್ರಮ್ ಹಾಳಾಗಿದೆಯೇನೋ, ಹಾಳೆಯ ಆ ಮೂಲೆಗೆ ಮಾತ್ರ ಮಸಿ ಹತ್ತುತ್ತಿದೆಯೇನೋ." ಇಪ್ಪತ್ತೆರಡನೇ ಪುಟದಿಂದ ಅಚ್ಚು ಶುರು ಮಾಡಿದಳು. ಈಗ ಗುಬ್ಬಿಯ ಜಾಗ ಮೇಲೆ, ಬಲಮೂಲೆ. ಎಡಮೂಲೆ ಚೊಕ್ಕಟವಾಗಿ ಬಂತು. ಮೇಲೆ ಬಲಮೂಲೆ ಕಪ್ಪು.

ಕಪ್ಪು, ಚಿತ್ರದ ಬೆನ್ನು ಹತ್ತಿ ಹೊರಟಿತ್ತು.

"ಅಕ್ಕಾ, ಮಷೀನಿನದು ತಪ್ಪಲ್ಲ. ಈ ಚಿತ್ರದ್ದೇ."

"ಅರವತ್ತೂ ಒಂದೇ ದಿನ, ಇದೇ ಮೇಜಿನ ಮೇಲೆ, ನಾನೇ ತೆಗೆದು ನಾನೇ ಹಾಕಿದ್ದು. ಇದೊಂದಕ್ಕೆ ಏನು ಗ್ರಹಚಾರ?"

ಅವಳು ಅಕ್ಕನ ಮುಖ ನೋಡಿದಳು. ಪಟ್ಟಿ ಮಾಡಿದವಳು ಇವಳೇ. ಚಿತ್ರ ಬದಲಾಯಿಸುವುದೂ ಇವಳಿಗೇ ಸುಲಭ. ಪೆನ್ಸಿಲ್ ಗುರುತಿನ ವಿಷಯಕ್ಕೆ ಮಾವನ ಹತ್ತಿರ ಜಗಳವಾಡಿದ್ದೂ ಉಂಟು. ಛೆ, ಬಂದ ಕೂಡಲೇ ಕಾಫಿ ತರಿಸಿಕೊಟ್ಟವಳ ಮೇಲೆ ಅನುಮಾನವೇ!

"ಚಿತ್ರ ತೆಗೆದು ಮತ್ತೆ ಹಾಕಿ ನೋಡ್ತೀನಿ," ಅಂದಳು.

ಮೌಸಿನಲ್ಲಿ ಗುಬ್ಬಿಯನ್ನು ಹಿಡಿದು ಪಕ್ಕಕ್ಕೆಳೆದಳು.

ಗುಬ್ಬಿ ಪಕ್ಕಕ್ಕೆ ಬಂತು. ಇದ್ದ ಜಾಗದಲ್ಲಿ ಇನ್ನೊಂದು ಗುಬ್ಬಿ ಕೂತಿತ್ತು.

ಕೊರಳಿಂದ ರೆಕ್ಕೆಯವರೆಗೆ ಕೂದಲೆಳೆಯಷ್ಟು ಬಿರುಕು.

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯಯ್ಯೋ! ಇದು... ಇದು ನಾನು ತೆಗೆದಿದ್ದು!"

ಹುಡುಗಿ ಮೇಲಿನ ಗುಬ್ಬಿಯನ್ನು ಅಳಿಸಿ, ನಾಲ್ಕು ಪುಟದ ಹಾಳೆಯನ್ನು ಮತ್ತೆ ಕಳಿಸಿದಳು. ಪ್ರಿಂಟರ್ ಗುರ್ ಅಂದಿತು. ಹಾಳೆ ಬಂತು. ಕಪ್ಪು ಮಾಯ. ಬಿರುಕು ಬಿಟ್ಟ ಗುಬ್ಬಿ ನಾಲ್ಕರಲ್ಲೊಂದಾಗಿ ನಿರಾಳವಾಗಿ ಕೂತಿತ್ತು.

* * *

ಗಂಟೆ ಹನ್ನೊಂದೂಕಾಲು. ಪಟ್ಟಿಯ ಪಾಸ್‌ವರ್ಡ್ ಗೊತ್ತಿದ್ದದ್ದು ಮೂವರಿಗೆ: ಅಕ್ಕ, ದೊಡ್ಡ ಮೇಡಂ, ದುರಸ್ತಿ ಮೇಷ್ಟ್ರು.

ಅಳಿಸುವ ಮೊದಲೇ ಆ ಪುಟವನ್ನು, ಅಂಟಿಸಿದ ಗುಬ್ಬಿಯ ಸಮೇತ, ಬೇರೆ ಹಾಳೆಯಲ್ಲಿ ದೊಡ್ಡದಾಗಿ ತೆಗೆದಿಟ್ಟುಕೊಂಡಿದ್ದಳು. ಹಾಳೆ ಹಿಡಿದು ಕೂತಳು. ಹಳೇ ಫೋಟೊದ ಬುಡದಲ್ಲಿ ಅಳತೆಪಟ್ಟಿ, ಅದರ ನೆರಳು ಬಲಕ್ಕೆ. ಅಂದರೆ ಬೆಳಕು ಎಡದಿಂದ. ಅಕ್ಕನ ಮೇಜಿಗೆ ಕಿಟಕಿ ಎಡಕ್ಕೇ ಇದೆ, ಸರಿ. ಆದರೆ ಅಂಟಿಸಿದ ಗುಬ್ಬಿಯ ಹೊಳಪು ಬಲಬದಿಯಲ್ಲಿ! ಈ ಗುಬ್ಬಿಯನ್ನು ಬೇರೆ ಎಲ್ಲೋ ಕೂರಿಸಿ ಫೋಟೊ ತೆಗೆದಿದ್ದಾರೆ.

ಪ್ರಿಂಟರಿನ ವೈರು ನೋಡುವ ನೆಪದಲ್ಲಿ ಮೇಡಂ ಕೋಣೆಗೆ ಹೋದಳು. ಕಿಟಕಿಯೇ ಇಲ್ಲ; ಟ್ಯೂಬ್‌ಲೈಟು.

ಕೊನೆಯದು ದುರಸ್ತಿ ಕೋಣೆ. ಗೋಡೆಗೆ ಬಿಗಿದ ಉದ್ದ ಮೇಜು. ಬಲಗಡೆ ಕಿಟಕಿ. ಕಿಟಕಿಯ ಹಲಗೆಯ ಮೇಲೆ ದಾರ ಸುತ್ತಿದ ಸುಣ್ಣದ ಬಿಳುಪಿನ ಗಟ್ಟಿ.

"ಏನಮ್ಮಾ, ಇಲ್ಲೂ ಪ್ರಿಂಟರ್ ಇದೆಯಾ?" ಮೇಷ್ಟ್ರು ನಕ್ಕರು.

"ವೈರು ನೋಡೋಕೆ ಬಂದೆ, ಸಾರ್. ಅದೇನು?"

"ಅಚ್ಚು. ಮಣ್ಣು ಒತ್ತಿ ಮಾದರಿ ತೆಗೆಯೋಕೆ, ಪ್ಲಾಸ್ಟರಿಂದು. ಎರಡು ಹೋಳು ಮಾಡಿ ಕಟ್ಟಿಡ್ತೀವಿ."

"ಒಡೆದ ಮಡಕೆಯ ಬಿರುಕೂ ಅದರಲ್ಲಿ ಬರುತ್ತಾ, ಸಾರ್?"

"ಎಲ್ಲಿ ಬರುತ್ತೆ! ಅಚ್ಚು ಆಕಾರ ಹಿಡಿಯುತ್ತೆ, ಕೂದಲೆಳೆ ಬಿರುಕು ಹಿಡಿಯಲ್ಲ." ತಮ್ಮ ವಿದ್ಯೆಯ ಮಾತು ಬಂದರೆ ಮೇಷ್ಟ್ರಿಗೆ ಉತ್ಸಾಹ. "ಪಟ್ಟಿ ಆಯ್ತಾ? ಈ ನಾಲ್ಕು ಪುಟದ ರಗಳೆ ಬಿಟ್ಟು ಒಂದೊಂದೇ ಪುಟ ಹೊಡೆದುಬಿಡಮ್ಮ. ಚೆನ್ನಾಗಿ ಕಾಣುತ್ತೆ."

ಆರನೇ ಹಾಳೆ ಕೆಟ್ಟಿದ್ದು ಅಕ್ಕ ಯಾರಿಗೂ ಹೇಳಿರಲಿಲ್ಲ.

* * *

ಹನ್ನೆರಡು. ಸಮಿತಿಯ ಮೂವರು, ಮೇಡಂ, ಮೇಷ್ಟ್ರು. ಮಾವ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಬೀಗದ ಕೈಗೊಂಚಲು ಆಗಲೇ ಮೇಜಿನ ಮೇಲಿತ್ತು.

ಬಾಗಿಲು ತಟ್ಟದೆ ಒಳಗೆ ಬಂದದ್ದು ಅವಳ ಬಾಳಿನಲ್ಲಿ ಅದೇ ಮೊದಲು.

"ಮೇಡಂ... ಪ್ರಿಂಟರ್ ಸರಿಯಾಯ್ತು."

"ಆಮೇಲೆ ಹೇಳಮ್ಮ."

"ಆಮೇಲೆ ಅಂದ್ರೆ ಆಗಲ್ಲ, ಮೇಡಂ." ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟಳು: ಒಂದರಲ್ಲಿ ಕಪ್ಪು ಚೌಕ, ಇನ್ನೊಂದರಲ್ಲಿ ಬಿರುಕಿನ ಗುಬ್ಬಿ. ಮೇಡಂ ಕನ್ನಡಕ ಏರಿಸಿದರು. ಮಾವ ಎದ್ದೇ ನಿಂತರು.

"ಹಳೇ ಫೋಟೊದ ಮೇಲೆ ಹೊಸ ಗುಬ್ಬಿ ಅಂಟಿಸಿದ್ದಾರೆ. ಸುತ್ತಲಿನ ಜಾಗ ಪಾರದರ್ಶಕ ಮಾಡಿ, ಕತ್ತರಿಸಿದ ಹಾಗೆ. ಪುಟಕ್ಕೊಂದು ಹಾಕಿದ್ರೆ ಗೊತ್ತೇ ಆಗಲ್ಲ. ನಾಲ್ಕು ಪುಟ ಕುಗ್ಗಿಸಿ ಒಂದೇ ಹಾಳೆಗೆ ಹಾಕುವಾಗ ಈ ಮಷೀನಿಗೆ ಪಾರದರ್ಶಕ ಜಾಗ ಅರ್ಥವಾಗಲ್ಲ, ಕಪ್ಪು ತುಂಬುತ್ತೆ. ಅಂಟಿಸಿದವರು ಒಂದು ಪುಟ ಹಾಕಿ ನೋಡಿ ಸಮಾಧಾನ ಮಾಡ್ಕೊಂಡ್ರು. ಆಮೇಲೆ ನಾಲ್ಕು ಹಾಕಿ ನೋಡಿ ಹೆದರಿದ್ರು. ಮಾವನ ಜೇಬಿನ ಹಳೇ ಪಟ್ಟಿಯನ್ನೂ ಅವರೇ ಮಾಯ ಮಾಡಿದ್ರು. ಅದರಲ್ಲಿ ಬಿರುಕಿತ್ತಲ್ಲ."

"ಕಂಪ್ಯೂಟರಿನ ಗೊಂದಲಕ್ಕೆಲ್ಲ ಕಥೆ ಕಟ್ತಾಳೆ," ಅಂದರು ಮೇಷ್ಟ್ರು. ದನಿಯಲ್ಲಿ ಬೆಣ್ಣೆ ಕರಗಿತ್ತು.

"ಹೊಸ ಗುಬ್ಬಿಯ ಮೇಲೆ ಬೆಳಕು ಬಲಗಡೆಯಿಂದ ಬಿದ್ದಿದೆ, ಸಾರ್. ಪಾಸ್‌ವರ್ಡ್ ಗೊತ್ತಿರೋ ಮೂವರ ಕೋಣೆಗಳಲ್ಲಿ ಬಲಕ್ಕೆ ಕಿಟಕಿ ಇರೋದು ನಿಮ್ಮ ಮೇಜಿಗೆ ಮಾತ್ರ. ನಾಲ್ಕು ಪುಟ ಬೇಡ ಅಂದಿದ್ದೂ ನೀವೊಬ್ಬರೇ."

"ಹಾಗಾದ್ರೆ ಅಸಲಿ ಗುಬ್ಬಿ ಎಲ್ಲಿ? ನಾನು ಮನೆಗೆ ಹೊತ್ಕೊಂಡು ಹೋದ್ನಾ? ಸಂಜೆ ಇವಳ ಮಾವನೇ ಬಾಗಿಲಲ್ಲಿ ಎಲ್ಲರ ಚೀಲ ನೋಡ್ತಾರೆ! ಮೇಡಂ ಅವರ ಊಟದ ಡಬ್ಬಿಯನ್ನೂ ಬಿಡಲ್ಲ!"

"ಅದಕ್ಕೇ," ಅಂದಳು ಅವಳು. "ಅದಕ್ಕೇ ಮಾವ ಇವತ್ತೇ ಮನೆಗೆ ಹೋಗಬೇಕಿತ್ತು ನಿಮಗೆ."

ಅವಳು ಮೇಡಂ ಕಡೆ ತಿರುಗಿದಳು.

"ಮೇಡಂ, ಗುಬ್ಬಿ ಇನ್ನೂ ಈ ಕಟ್ಟಡದಲ್ಲೇ ಇದೆ. ಮೇಷ್ಟ್ರ ಕಿಟಕಿಯ ಹಲಗೆ ಮೇಲೆ, ದಾರ ಸುತ್ತಿದ ಅಚ್ಚಿನೊಳಗೆ. ಅಚ್ಚು ಯಾವುದರ ಆಕಾರ ಹಿಡಿಯಿತೋ ಅದಕ್ಕಿಂತ ಸರಿಯಾಗಿ ಅದರೊಳಗೆ ಕೂರೋ ವಸ್ತು ಇನ್ನೊಂದಿದೆಯಾ?"

ಮೇಷ್ಟ್ರು ಬಾಗಿಲ ಕಡೆ ನೋಡಿದರು. ಅಲ್ಲಿ ಟೈಪಿಂಗ್ ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಕೂತ್ಕೊಳ್ಳಿ ಸಾರ್, ಏನವಸರ?"

ಅಚ್ಚು ಬಂತು. ಮೇಡಂ ತಾವೇ ದಾರ ಕತ್ತರಿಸಿದರು. ಎರಡು ಬಿಳಿ ಹೋಳು ಬೇರೆಯಾದವು. ನಡುವೆ ಕೆಂಪು ಮಣ್ಣಿನ ಗುಬ್ಬಿ, ಕೊರಳಿಂದ ರೆಕ್ಕೆಗೆ ಸಣ್ಣ ಗೆರೆ.

ಮೇಷ್ಟ್ರು ತಲೆ ತಗ್ಗಿಸಿದರು. "ಕೊಳ್ಳೋರು ಸಿಕ್ಕಿದ್ರು..." ಅಂದರು. ಮುಂದಿನ ಮಾತು ಯಾರೂ ಕೇಳಲಿಲ್ಲ. ಸಮಿತಿಯವರೊಬ್ಬರು ಆಗಲೇ ಪೊಲೀಸರಿಗೆ ಫೋನು ಹಚ್ಚಿದ್ದರು.

"ಈ ಬಿರುಕನ್ನು ಯಾವ ದಾಖಲೆಯಲ್ಲೂ ಬರೆದಿಲ್ಲ," ಅಂದರು ಮೇಡಂ ಮೆಲ್ಲಗೆ. "ನಿಮಗೆ ಮಾತ್ರ ಅಷ್ಟು ಖಚಿತವಾಗಿ ಹೇಗೆ ಗೊತ್ತಿತ್ತು?"

ಮಾವ ಗುಬ್ಬಿಯ ಬಿರುಕಿನ ಮೇಲೆ ಬೆರಳಾಡಿಸಿದರು.

"ಕೆಲಸಕ್ಕೆ ಸೇರಿದ ಮೊದಲ ವಾರ ನನ್ನ ಕೈಜಾರಿ ಬಿತ್ತು, ಮೇಡಂ. ಆಗಿನ ಸಾಹೇಬರಿಗೆ ಹೋಗಿ ಹೇಳಿದೆ. ಬರೆಯೋದು ಬೇಡ, ಇನ್ಮೇಲೆ ದಿನಾ ನೋಡ್ಕೋ ಅಂದ್ರು. ದಿನಾ ನೋಡ್ತಾ ಬಂದೆ."

ಮೇಡಂ ಕೈಗೊಂಚಲನ್ನು ಎರಡೂ ಕೈಯಲ್ಲಿ ಎತ್ತಿ ಅವರ ಮುಂದಿಟ್ಟರು.

ಮಾವ ಹೊಸ ಹಾಳೆಯನ್ನು ಮಡಚಿದರು. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಬಿರುಕಿನ ಗುಬ್ಬಿಯ ಪಕ್ಕ ಗುರುತು ಹಾಕಿದರು. ಆಮೇಲೆ ಸೋದರಸೊಸೆಯ ಕಡೆ ತಿರುಗಿದರು.

"ಬಾ ಮರಿ. ಬೆಳಿಗ್ಗೆ ನೋಡೋದು ಇಲ್ಲಿಗೇ ನಿಂತಿತ್ತು. ಇಪ್ಪತ್ನಾಲ್ಕರಿಂದ ನೋಡಬೇಕು."