ಬೋಕಿಯಲ್ಲಿ ಉಳಿದ ಒಂದು ಕಾಳು

ಬಲು ಹಿಂದೆ, ಬೆಕ್ಕುಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಒಂದು ಪಾಳುಕೋಟೆಯ ನೆಲದಡಿ ಒಂದು ರಾಜ್ಯವಿತ್ತು. ಮನುಷ್ಯರ ರಾಜ್ಯವಲ್ಲ, ಇಲಿಗಳದು. ಕೋಟೆ ಕಟ್ಟಿದ ಅರಸರು ಧಾನ್ಯ ತುಂಬಿಡಲೆಂದು ನೆಲದಲ್ಲಿ ಬಾವಿಯಂಥ ಹಗೇವು ತೋಡಿಸಿದ್ದರು. ಅರಸರು ಹೋದರು, ಅವರ ಆನೆಗಳೂ ಹೋದವು, ಹಗೇವು ಉಳಿಯಿತು. ಇಲಿಗಳು ಅದರೊಳಗೆ ಊರು ಕಟ್ಟಿಕೊಂಡು ಹಗೇವುಪುರ ಎಂದು ಹೆಸರಿಟ್ಟವು. ಅಲ್ಲಿ ಮರಿಗೆ ಹಲ್ಲು ಮೂಡಿದಾಗ ಮೊಟ್ಟಮೊದಲು ಯಾವ ಕಾಳು ಕಚ್ಚುತ್ತದೋ ಅದೇ ಅದರ ಹೆಸರು. ಹೀಗಾಗಿ ಆ ಊರ ಅರಸ ಬಿಳಿಜೋಳಪ್ಪ. ಅವನ ತಮ್ಮ ಕಚ್ಚಿದ್ದು ಕಲ್ಲು. ಪಾಪ, ಅವನು ಕಲ್ಲಪ್ಪ ಆದ.

ಹಗೇವುಪುರದಲ್ಲಿ ಒಂದು ಪದ್ಧತಿ ಇತ್ತು. ಕತ್ತಲ ಸುರಂಗದಲ್ಲಿ ನಡೆಯುವಾಗ ಮುಂದಿನವರ ಬಾಲವನ್ನು ಹಿಂದಿನವರು ಮೆಲ್ಲಗೆ ಕಚ್ಚಿ ಹಿಡಿದು ಸಾಲಾಗಿ ನಡೆಯಬೇಕು. ಮನೆಯ ಹಿರಿಯರು ಎಲ್ಲರಿಗಿಂತ ಮುಂದೆ. ಒಂದೊಂದು ತಿರುವು ಬಂದಾಗಲೂ ಸಾಲಿನ ಕೊನೆಯವರು ತಮ್ಮ ಮುಂದಿನವರ ಬಾಲವನ್ನು ಒಮ್ಮೆ ಜಗ್ಗಬೇಕು, ಅವರು ತಮ್ಮ ಮುಂದಿನವರದನ್ನು ಜಗ್ಗಬೇಕು. ಆ ಜಗ್ಗು ಹಿರಿಯರಿಗೆ ಬಂದು ಮುಟ್ಟಿದರೆ ಎಲ್ಲರೂ ಇದ್ದಾರೆ ಎಂದರ್ಥ. ಹಿಂದೆ ತಿರುಗಿ ನೋಡುವಂತಿಲ್ಲ. ಬಿಳಿಜೋಳಪ್ಪನ ಮುತ್ತಜ್ಜ ಹಿಂದೆ ನೋಡುತ್ತ ನಡೆದು ಹಗೇವಿನ ತಳಕ್ಕೆ ಬಿದ್ದು ಸತ್ತಿದ್ದನಂತೆ. ಅಂದಿನಿಂದ 'ಹಿಂದೆ ನೋಡಿದವ ಕೆಟ್ಟ' ಎಂಬ ಗಾದೆ ಆಯಿತು. ಗಾದೆ ಮಾಡುವುದು ಸುಲಭ. ಮುತ್ತಜ್ಜ ಸ್ವಲ್ಪ ಕುಡಿದಿದ್ದ ಎಂಬುದನ್ನು ಯಾರೂ ಗಾದೆಯಲ್ಲಿ ಸೇರಿಸಲಿಲ್ಲ.

ಆ ಊರಿನಲ್ಲಿ ಗೋದವ್ವ ಎಂಬ ತಾಯಿ ಇದ್ದಳು. ಅವಳ ಹಿರಿಮಗಳು ನವಣೆ, ಕಿರಿಮಗಳು ಕುಸುಬಿ. ಇವರಲ್ಲದೆ ಇನ್ನೂ ಕಣ್ಣು ಬಿಡದ ಐದು ಹಸುಗೂಸುಗಳು. ನವಣೆ ಮಾತು ಕಡಿಮೆಯವಳು. ಕುಸುಬಿ ಗೇಣುದ್ದ ಇಲ್ಲ, ಮಾತು ಮಾತ್ರ ಮಾರುದ್ದ. ಅಕ್ಕನಿಗೆ ತಂಗಿಯೆಂದರೆ ಜೀವ. ತಂಗಿಗೆ ಅಕ್ಕನ ಬಾಲವೆಂದರೆ ಜೀವ, ಮಲಗುವಾಗಲೂ ಅದನ್ನು ತಬ್ಬಿಕೊಂಡೇ ಮಲಗುತ್ತಿದ್ದಳು.

ಒಂದು ಮುಂಜಾನೆ ತಾಯಿಮಕ್ಕಳು ಕಾಳು ತರಲು ಹೊರಟರು. ಸಾಲಿನ ಕೊನೆಯ ಜಾಗ ದೊಡ್ಡವಳಾದ ನವಣೆಯದು. ಕುಸುಬಿ ಹಟ ಹಿಡಿದಳು.

"ಅಕ್ಕಾ, ಇವತ್ತ ಕಡೀಗೆ ನಾ ನಿಲ್ತೀನಿ. ಜಗ್ಗೂದು ನಂಗ ಬ್ಯಾಡೇನು? ಯಾವಾಗಲೂ ನೀನ ಜಗ್ತಿ!"

ನವಣೆ ನಕ್ಕು ಜಾಗ ಬಿಟ್ಟುಕೊಟ್ಟಳು. ಕಾಳು ಕಟ್ಟಿಕೊಂಡು ಮರಳುವಾಗ ಮೊದಲ ತಿರುವಿನಲ್ಲಿ ಕುಸುಬಿ ಅಕ್ಕನ ಬಾಲ ಕಿತ್ತುಹೋಗುವಂತೆ ಜಗ್ಗಿದಳು. ಎರಡನೆಯ ತಿರುವಿನಲ್ಲೂ ಹಾಗೆಯೇ. ಮೂರನೆಯ ತಿರುವಿನಲ್ಲಿ ಜಗ್ಗು ಮೆತ್ತಗಿತ್ತು. ಬಾಲದ ತುದಿಗೆ ಬಾವಿನೀರು ಸೋಕಿದಷ್ಟು ತಣ್ಣಗೆ ಆಯಿತು. 'ನೀರು ಕುಡಿದಾಳೇನೋ' ಎಂದುಕೊಂಡು ನವಣೆ ಆ ಜಗ್ಗನ್ನು ಅವ್ವನಿಗೆ ದಾಟಿಸಿದಳು. ಅವಳಿಗೆ ಹಸಿವಾಗಿತ್ತು, ಬೇಗ ಮನೆ ಸೇರಬೇಕಿತ್ತು. ತಿರುಗಿ ನೋಡಲಿಲ್ಲ.

ಮನೆ ಮುಟ್ಟುವ ಮುನ್ನ ಬಾಲದ ಹಿಡಿತ ಸಡಿಲಿತು. ತಂಗಿ ಆಟಕ್ಕೆ ಓಡಿರಬೇಕು ಎಂದುಕೊಂಡಳು. ಗೋದವ್ವ ಒಡೆದ ಮಡಕೆಯ ಬೋಕಿಯ ಮೇಲೆ ಕಾಳು ಸುರಿದು ಹಂಚಿದಳು. ಕೊನೆಗೆ ಬೋಕಿಯಲ್ಲಿ ಒಂದು ಕಾಳು ಉಳಿಯಿತು.

"ಯಾರದಿದು?" ಎಂದಳು ಗೋದವ್ವ. "ಕುಸುಬೀ?" ಎಂದಳು. ಕುಸುಬಿ ಇರಲಿಲ್ಲ. ನವಣೆ ತನ್ನ ಬಾಲ ನೋಡಿಕೊಂಡಳು. ತುದಿ ಮಂಜಿನಂತೆ ಬೆಳ್ಳಗಾಗಿತ್ತು.

ಊರೆಲ್ಲ ಸೇರಿತು. ಆಗ ನಿಜ ಹೊರಬಿತ್ತು. ಹಿಂದೆಯೂ ಹತ್ತು ಮನೆಗಳಲ್ಲಿ ಹೀಗೆ ಒಂದೊಂದು ಕಾಳು ಉಳಿದಿತ್ತು. ಗೂಬೆ ಹಿಡಿದಿದೆ ಎಂದು ಅತ್ತು ಸುಮ್ಮನಾಗಿದ್ದರು. ಬೆಳ್ಳಗಾದ ಬಾಲ ನೋಡಿ ಮುದುಕಿಯೊಬ್ಬಳು ನಡುಗಿದಳು. "ಇದು ಶೀತರಾಯನ ಕೆಲಸ. ಅರಸರು ತೋಪಿನ ಮದ್ದು ಇಡತಿದ್ದ ಮದ್ದಿನ ಮನ್ಯಾಗ ಇರೋ ಮಾಟಗಾರ ಹಾವು. ಮಾಟಾ ಕಲಿಯಾಕ ತನ್ನ ಮೈಕಾವು ಮಾರಿಕೊಂಡಾನ. ಬಿಸಿಲು ಕಂಡ್ರ ಮಾಟಾ ಕರಗತೈತಿ, ಅದಕ್ಕ ನಮ್ಮ ಕೂಸುಗಳನ್ನ ತನ್ನ ಪೊರ್‍ಯಾಗ ಸುತ್ತಿ, ನಿದ್ದಿ ಮಾಡಿಸಿ, ಅವುಗಳ ಕಾವು ಕುಡೀತಾನ."

ಬಿಳಿಜೋಳಪ್ಪ ಮೀಸೆ ತಿರುವಿದ. "ಹೋದವರು ಹೋದ್ರು. ಹಿಂದ ನೋಡಿದವ ಕೆಟ್ಟ" ಎಂದ.

ಗೋದವ್ವ ಎದ್ದು ನಿಂತಳು. ನವಣೆ ತಡೆದಳು. "ಯವ್ವಾ, ನೀ ಹೋದ್ರ ಈ ಐದು ಕೂಸು ಹಾಲಿಲ್ಲದ ಸಾಯ್ತಾವ. ನನ್ನ ಜಾಗದಾಗ ಅಕಿ ನಿಂತಿದ್ಲು. ನಾನ ಹೋಗ್ತೀನಿ."

ಗೋದವ್ವ ಮಗಳ ಮೂತಿಯನ್ನು ನೆಕ್ಕಿ, ಬುತ್ತಿಗೆ ನಾಲ್ಕು ಕಾಳು ಕಟ್ಟಿದಳು. ಬೋಕಿಯಲ್ಲಿ ಉಳಿದಿದ್ದ ಒಂದು ಕಾಳನ್ನು ಬೇರೆಯೇ ಗಂಟು ಹಾಕಿದಳು. ನವಣೆ ಹೊರಟಳು.

ಹೋದಳು, ಹೋದಳು, ಕೋಟೆಯ ಮೋರಿಗೆ ಬಂದಳು. ಅಲ್ಲಿ ಡೊಳ್ಳುಹೊಟ್ಟೆಯ ಹೆಗ್ಗಣವೊಂದು ದಾರಿಗೆ ಅಡ್ಡ ಕೂತಿತ್ತು. ಎಷ್ಟು ತಿಂದರೂ ಹೊಟ್ಟೆ ತುಂಬದಂತೆ ಶೀತರಾಯ ಅದಕ್ಕೆ ಮಾಟ ಮಾಡಿದ್ದ.

"ಎಲ್ಲಿಗೆ ಹೊಂಟಿ ಕೂಸೇ?"

"ನನ್ನ ತಂಗೀನ ಕರಕೊಂಡು ಬರಾಕ."

"ಬುತ್ತಿ ಕೊಡು, ಇಲ್ಲಾಂದ್ರ ನಿನ್ನ ತಿಂತೀನಿ."

ನವಣೆ ನಾಲ್ಕು ಕಾಳನ್ನೂ ಕೊಟ್ಟಳು. ಹೆಗ್ಗಣ ಗುಳುಂ ಮಾಡಿ ಇನ್ನೊಂದು ಗಂಟಿನತ್ತ ಮೂಗು ಚಾಚಿತು. ನವಣೆ ಅದನ್ನು ಎದೆಗೆ ಅವಚಿಕೊಂಡಳು. "ಇದು ನನ್ನ ತಂಗೀದು. ನನ್ನ ಬೇಕಾದ್ರ ತಿನ್ನು. ಇದನ್ನ ಕೊಡಂಗಿಲ್ಲ."

ಹೆಗ್ಗಣ ಅವಳನ್ನು ಬಹಳ ಹೊತ್ತು ನೋಡಿತು. ಹಸಿದ ಇಲಿಯೊಂದು ಕೈಯಲ್ಲಿದ್ದ ಕಾಳನ್ನು ತಿನ್ನದೆ ಕಾಯುವುದನ್ನು ಅದು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ನೋಡನೋಡುತ್ತ ಅದಕ್ಕೊಂದು ತೇಗು ಬಂತು. ನೂರು ವರ್ಷಗಳ ಮೊದಲ ತೇಗು! ಮಾಟ ಹರಿದಿತ್ತು. "ಹೋಗು ಮಗಳ," ಎಂದಿತು ಹೆಗ್ಗಣ ಕಣ್ಣೊರೆಸಿಕೊಂಡು. "ಒಂದು ಮಾತು ನೆನಪಿಡು. ಅವನ ಪೊರಿಗೆ ಯಾರ ಹಲ್ಲೂ ತಾಗೂದಿಲ್ಲ."

ಹೋದಳು, ಹೋದಳು, ಮುರಿದ ಕಮಾನಿನ ಹಜಾರಕ್ಕೆ ಬಂದಳು. ಅಲ್ಲಿ ಮುದಿ ಬಾವಲಿಯೊಂದು ತೊಲೆಗೆ ಜೋತುಬಿದ್ದು ಗೊಳೋ ಎಂದು ಅಳುತ್ತಿತ್ತು. ಮೇಲೆ ಯಾವುದು, ಕೆಳಗೆ ಯಾವುದು ಎಂಬುದೇ ಮರೆತುಹೋಗುವಂತೆ ಶೀತರಾಯ ಅದಕ್ಕೆ ಮಾಟ ಮಾಡಿದ್ದ.

"ಎಲ್ಲಿಗೆ ಹೊಂಟಿ ಕೂಸೇ?"

"ನನ್ನ ತಂಗೀನ ಕರಕೊಂಡು ಬರಾಕ."

"ಮೊದಲು ಹೇಳು, ತಲಿಕೆಳಗ ಆಗಿರೋದು ನಾನೋ, ನೀನೋ? ತಪ್ಪು ಹೇಳಿದ್ರ ರಕ್ಕಿ ಬಡದು ಕೆಡವತೀನಿ."

ನವಣೆ ಉತ್ತರ ಹೇಳಲಿಲ್ಲ. ಸರಸರನೆ ತೊಲೆ ಹತ್ತಿ, ಬಾಲ ಸುತ್ತಿ, ಬಾವಲಿಯ ಪಕ್ಕದಲ್ಲೇ ಜೋತುಬಿದ್ದಳು. ತಲೆಗೆ ರಕ್ತ ನುಗ್ಗಿ ಕಿವಿ ಗುಂಯ್‌ಗುಟ್ಟಿತು. "ಈಗ ನೋಡಜ್ಜಿ, ನಾವಿಬ್ರೂ ಒಂದ ನಮೂನಿ ಅದೀವಿ. ಯಾರಾದ್ರೇನು?"

ಬಾವಲಿ ಅವಳ ಮುಖ ನೋಡಿತು. ತನ್ನ ಮುಖದ ಎದುರಿಗೆ ನೆಟ್ಟಗೆ ಇನ್ನೊಂದು ಮುಖ ಕಂಡು ಎಷ್ಟು ಕಾಲವಾಗಿತ್ತೋ! ಅಳು ನಿಂತು ನಗು ಬಂತು, ನಗುತ್ತಲೇ ಮಾಟ ಹರಿಯಿತು. "ಹೋಗು ನನ್ನ ಕಂದಾ. ಒಂದು ಮಾತು ನೆನಪಿಡು. ಪೊರಿ ಕಳಚಬೇಕಂದ್ರ ಒಳಗಿದ್ದವರ ಮೂಗು ಹೊರಗ ಹಾಕಬೇಕು."

ಹೋದಳು, ಹೋದಳು, ಮದ್ದಿನ ಮನೆಯ ಹೊಸ್ತಿಲಿಗೆ ಬಂದಳು. ಅಲ್ಲಿ ಬೆಕ್ಕು ಇತ್ತು. ಹೌದು ಮಕ್ಕಳೇ, ಬೆಕ್ಕೇ. ಶೀತರಾಯ ಅದರ ನಾಲ್ಕು ಪಾದಗಳನ್ನೂ ಹೊಸ್ತಿಲ ಕಲ್ಲಿಗೆ ಹೆಪ್ಪುಗಟ್ಟಿಸಿ ಕಾವಲಿಗೆ ನಿಲ್ಲಿಸಿದ್ದ. ಅದರ ಮೈ ಗಡಗಡ ನಡುಗುತ್ತಿತ್ತು.

"ಎಲ್ಲಿಗೆ ಹೊಂಟಿ ಕೂಸೇ?"

ನವಣೆ ಒಂದು ಹೆಜ್ಜೆ ಹಿಂದೆ ಸರಿದಳು. "ನನ್ನ ತಂಗೀನ..." ಎಂದಳು.

"ಒಳಗ ಹೋಗಬೇಕಂದ್ರ ನನ್ನ ಕಾಲಾಗ ನುಸುಳಿ ಹೋಗಬೇಕು. ಬಾ."

ನವಣೆ ಬಂದಳು. ಬೆಕ್ಕಿನ ಉಸಿರು ಅವಳ ಬೆನ್ನಿಗೆ ಬಡಿಯಿತು. ಆದರೆ ಮಂಜುಗಟ್ಟಿದ ಆ ಪಾದ ಕಂಡಾಗ ಅವಳಿಗೆ ತನ್ನ ಬಾಲದ ತುದಿ ನೆನಪಾಯಿತು. ಅಲ್ಲೇ ಕೂತು ಪಾದಕ್ಕೆ ಹಾ, ಹಾ ಎಂದು ಉಸಿರು ಬಿಟ್ಟಳು. ಒಂದು ಪಾದ ಬೆಚ್ಚಗಾಯಿತು, ಎರಡಾದವು, ಮೂರಾದವು.

"ಏ ಹುಚ್ಚೀ," ಎಂದಿತು ಬೆಕ್ಕು, "ನಾಲ್ಕನೇದು ಬಿಟ್ಟ ಕೂಡ್ಲೇ ನಾ ನಿನ್ನ ಮ್ಯಾಲ ಹಾರಬಹುದು. ಬೆಕ್ಕಿನ್ನ ನಂಬತೀಯೇನು?"

"ನಂಬೂದಿಲ್ಲ," ಎಂದಳು ನವಣೆ. "ಆದ್ರ ನಿಂಗ ಚಳಿ ಆಗೈತಿ."

ನಾಲ್ಕನೆಯ ಪಾದಕ್ಕೂ ಉಸಿರು ಬಿಟ್ಟಳು. ಪಾದ ಬಿಟ್ಟಿತು. ಬೆಕ್ಕು ಪಂಜ ಎತ್ತಿತು, ನವಣೆ ಕಣ್ಣು ಮುಚ್ಚಿದಳು. ಪಂಜ ಅವಳ ನೆತ್ತಿಯ ಮೇಲೆ ಬಂದು ಕೂತಿತು, ಉಗುರಿಲ್ಲದೆ. "ಹೋಗು ತಾಯಿ. ಒಂದು ಮಾತು ನೆನಪಿಡು. ಶೀತರಾಯನ್ನ ಯಾರೂ ನೋಡಿಲ್ಲ. ಅಂವ ಯಾವಾಗಲೂ ಬೆನ್ನ ಹಿಂದ ಇರ್ತಾನ. ಅದ ಅವನ ಬಲ."

ಮದ್ದಿನ ಮನೆಯೊಳಗೆ ಬಾಯಿಯ ಹಬೆ ಕಾಣುವಷ್ಟು ಚಳಿ. ಒಂದು ಕಲ್ಲುಜಗಲಿಯ ಮೇಲೆ ಹನ್ನೊಂದು ಪೊರೆಗಳು ಒಂದರ ಮುಂದೊಂದು ಮಲಗಿದ್ದವು. ತೆಳ್ಳಗಿನ ಒಂದೊಂದು ಪೊರೆಯೊಳಗೂ ಒಂದು ಇಲಿಮರಿ ಮಸುಕಾಗಿ ಕಾಣುತ್ತಿತ್ತು. ಬಾಲವಷ್ಟೇ ಪೊರೆಯ ಹರಕು ತುದಿಯಿಂದ ಹೊರಗೆ ಇಳಿಬಿದ್ದಿತ್ತು. ಸಾಲಿನ ಕೊನೆಯಲ್ಲಿ, ಎಲ್ಲಕ್ಕಿಂತ ಚಿಕ್ಕದು, ಕುಸುಬಿ.

ನವಣೆ ಪೊರೆ ಕಚ್ಚಿದಳು. ಹಲ್ಲು ಜಾರಿತು. "ಕುಸುಬೀ, ಏಳವ್ವಾ, ಅಕ್ಕ ಬಂದೀನಿ" ಎಂದು ಕೂಗಿದಳು. ರೆಪ್ಪೆಯೂ ಅಲುಗಲಿಲ್ಲ. ಕಾಳನ್ನು ಪೊರೆಯ ಬಾಯಿಗೆ, ಮೂಗಿನ ಹತ್ತಿರ ಹಿಡಿದಳು. ಊಹೂಂ. ಅವಳಿಗೆ ಅಳು ತಡೆಯಲಾಗಲಿಲ್ಲ. ಅಳುತ್ತ ತಂಗಿಯ ಬಾಲವನ್ನು ತಬ್ಬಿಕೊಂಡಳು, ತಂಗಿ ದಿನಾ ತನ್ನದನ್ನು ತಬ್ಬಿಕೊಳ್ಳುತ್ತಿದ್ದ ಹಾಗೆಯೇ. ಆಗ ಹೊಳೆಯಿತು.

ಅವಳು ಆ ಬಾಲವನ್ನು ಮೆಲ್ಲಗೆ ಕಚ್ಚಿ ಒಮ್ಮೆ ಜಗ್ಗಿದಳು.

ಇಲಿಗೆ ಎಂಥ ನಿದ್ದೆ ಬಂದರೂ ಹಿಂದಿನಿಂದ ಜಗ್ಗಿದರೆ ಮುಂದಕ್ಕೆ ದಾಟಿಸದೆ ಇರಲಾಗದು. ಅದು ತಾಯಿಯ ಹಾಲಿನ ಜೊತೆಗೆ ಬಂದದ್ದು. ಕುಸುಬಿಯ ಮೀಸೆ ಅದುರಿತು. ನಿದ್ದೆಗಣ್ಣಲ್ಲೇ ಅವಳ ಬಾಯಿ ಮುಂದಿನ ಬಾಲವನ್ನು ಹುಡುಕಿತು. ಹುಡುಕುತ್ತ ಹುಡುಕುತ್ತ ಮೂಗು ಪೊರೆಯ ಬಾಯಿಂದ ಹೊರಗೆ ಬಂತು! ಪೊರೆ ಅಂಗಿ ಕಳಚಿದಂತೆ ಸರ್ರನೆ ಹಿಂದಕ್ಕೆ ಜಾರಿತು. ಕುಸುಬಿ ಮುಂದಿನ ಬಾಲ ಕಚ್ಚಿ ಜಗ್ಗಿದಳು. ಆ ಮರಿಯ ಮೂಗು ಹೊರಬಂತು. ಅದು ಇನ್ನೊಂದನ್ನು ಜಗ್ಗಿತು. ಹೀಗೆ ಹನ್ನೊಂದು ಪೊರೆಗಳೂ ಕಳಚಿ ಬಿದ್ದವು. ಮರಿಗಳು ಬಾಲ ಹಿಡಿದ ಸಾಲಿನಲ್ಲೇ, ಅರೆನಿದ್ದೆಯಲ್ಲೇ, ಜಗಲಿಯಿಂದ ಇಳಿದು ಬಾಗಿಲ ಕಡೆ ನಡೆದವು. ಕಟ್ಟಕಡೆಗೆ ನವಣೆ.

ಆಗ ಅವಳ ಬಾಲದ ತುದಿಯನ್ನು ಯಾರೋ ಕಚ್ಚಿ ಹಿಡಿದರು. ಬಾವಿನೀರಿನಷ್ಟು ತಣ್ಣನೆಯ ಬಾಯಿ. ಮೆತ್ತಗೆ ಒಂದು ಜಗ್ಗು ಬಂತು. ಎಲ್ಲರೂ ಇದ್ದೇವೆ, ಸುಮ್ಮನೆ ಮುಂದೆ ನಡೆ ಎನ್ನುವಂತಿತ್ತು. ಅವಳ ಕಣ್ಣುಗಳು ಭಾರವಾದವು. ಅರಸನ ದನಿ ಕಿವಿಯಲ್ಲಿ ಕೇಳಿಸಿತು, ಹಿಂದೆ ನೋಡಿದವ ಕೆಟ್ಟ, ಹಿಂದೆ ನೋಡಿದವ ಕೆಟ್ಟ.

'ಕೊನೆಯವಳು ನಾನು. ನನ್ನ ಹಿಂದೆ ಯಾರೂ ಇಲ್ಲ. ಮತ್ತೆ ಜಗ್ಗಿದವರು ಯಾರು?' ಎಂದುಕೊಂಡಳು ನವಣೆ. ಅಂದು ತಿರುಗಿ ನೋಡದೆ ತಂಗಿಯನ್ನು ಕಳೆದುಕೊಂಡಿದ್ದಳು. ಇಂದು ತಿರುಗಿದಳು.

ಮೊರದಗಲ ಹೆಡೆ, ಕಂಬದಷ್ಟು ಮೈ, ಬೂದಿಬಣ್ಣದ ಕಣ್ಣು. ಶೀತರಾಯ ಚೀರಿದ. "ನೋಡಬ್ಯಾಡ! ಮುಂದ ನೋಡು! ಮುಂದ ನೋಡು!"

ನವಣೆ ಕಣ್ಣು ಕದಲಿಸಲಿಲ್ಲ. ನೋಡಿದಳು, ನೋಡುತ್ತಲೇ ಇದ್ದಳು. ಬರಿದಾದ ಪೊರೆಗೊಂದರಂತೆ ಅವನ ಮೈ ಒಂದೊಂದು ಮಾರು ಕುಗ್ಗಿತು. ಹೆಡೆ ಮುದುಡಿತು. ಕಡೆಗೆ ಉಳಿದದ್ದು ಬೆರಳು ಗಾತ್ರದ ಒಂದು ಹಾವಿನಮರಿ, ಚಳಿಗೆ ಸುರುಳಿ ಸುತ್ತಿಕೊಂಡು ನಡುಗುತ್ತಿತ್ತು. ಒಳಗೆ ಬಂದ ಬೆಕ್ಕು ಅದರ ಮೇಲೆ ಪಂಜ ಇಟ್ಟಿತು. "ತಿನ್ನಲೇನು?"

ಅಷ್ಟರಲ್ಲಿ ಪೂರ್ತಿ ಎಚ್ಚರವಾಗಿದ್ದ ಕುಸುಬಿ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟಳು. "ಏನಪ್ಪಾ, ಚಳಿ ಆದ್ರ ಬಿಸಿಲಿಗೆ ಹೋಗಬೇಕಿತ್ತು. ನಮ್ಮನ್ನ ಯಾಕ ಹೊತಗೊಂಡು ಬಂದಿ? ಅಕ್ಕಾ, ಇವನ್ನ ಬಿಸಿಲಿಗೆ ಹಾಕು." ಆಮೇಲೆ ಅಕ್ಕನ ಕಡೆ ತಿರುಗಿ ಮುಖ ಊದಿಸಿದಳು. "ಅಷ್ಟು ಜೋರ್ ಜಗ್ತಾರೇನು? ನನ್ನ ಬಾಲಾ ನೋವಾತು."

ನವಣೆ ಅವಳನ್ನು ಅವಚಿಕೊಂಡು ಅಳುತ್ತ ನಕ್ಕಳು.

ಬೆಕ್ಕು ಹಾವಿನಮರಿಯನ್ನು ಒಯ್ದು ಕೋಟೆಗೋಡೆಯ ಬಿಸಿಲಿಗೆ ಬಿಟ್ಟಿತು. ಬಿಸಿಲು ತಾಗಿದಂತೆ ಉಳಿದ ಮಾಟವೂ ಕರಗಿತು. ಅದು ಮೊದಲ ಸಲ ಬೆಚ್ಚಗೆ ಮೈ ಚಾಚಿ ಮಲಗಿತು. ಅಂದಿನಿಂದ ಅದು ಹುಳು ತಿನ್ನುವ ಒಂದು ಸಾಮಾನ್ಯ ಹಾವು, ಯಾರ ತಂಟೆಗೂ ಬರಲಿಲ್ಲ. ನವಣೆಯ ಬಾಲದ ತುದಿಗೂ ಬಣ್ಣ ಮರಳಿತು.

ಹನ್ನೊಂದು ಮನೆಗಳಲ್ಲಿ ಹಬ್ಬವಾಯಿತು. ಹೆಗ್ಗಣ ಬಂತು, ಬಾವಲಿ ಬಂತು. ಬೆಕ್ಕೂ ಬಂತು, ಮರ್ಯಾದೆಗೆ ಹೊಸ್ತಿಲಾಚೆಯೇ ಕೂತಿತು. ಬಿಳಿಜೋಳಪ್ಪ ಗಾದೆ ತಿದ್ದಿದ. ಇನ್ನು ಮೇಲೆ ಒಂದೊಂದು ತಿರುವಿನಲ್ಲೂ ಹಿರಿಯರು ನಿಂತು, ಹಿಂದೆ ತಿರುಗಿ, ಕೊನೆಯವರ ಮುಖ ನೋಡಿಯೇ ಮುಂದೆ ನಡೆಯಬೇಕು ಎಂದ. ಹಗೇವುಪುರದ ಇಲಿಗಳು ಇಂದಿಗೂ ಹಾಗೆಯೇ ನಡೆಯುತ್ತವೆ. ನೀವು ಯಾವುದಾದರೂ ಇಲಿ ಓಡುತ್ತ ಓಡುತ್ತ ನಿಂತು ಹಿಂದೆ ನೋಡುವುದನ್ನು ಕಂಡರೆ ಅದನ್ನು ಹೆದರಿಸಬೇಡಿ. ಅದು ತನ್ನವರು ಬಂದರೋ ಇಲ್ಲವೋ ನೋಡುತ್ತಿರುತ್ತದೆ.

ಆ ದಿನ ನವಣೆ ಗಂಟು ಬಿಚ್ಚಿ, ಕಾಯ್ದುಕೊಂಡು ಬಂದಿದ್ದ ಕಾಳನ್ನು ಬೋಕಿಯ ಮೇಲೆ ಇಟ್ಟಳು. ಕುಸುಬಿ ಅದನ್ನು ಎತ್ತಿಕೊಂಡು, ಅರ್ಧ ಕಡಿದು ಅಕ್ಕನ ಬಾಯಿಗೆ ಹಾಕಿ, ಅರ್ಧ ತಾನು ತಿಂದಳು. ಗೋದವ್ವ ಉಳಿದ ಕಾಳನ್ನೂ ಎಲ್ಲರಿಗೂ ಹಂಚಿದಳು. ಹಂಚಿ ಮುಗಿದಾಗ ಬೋಕಿಯಲ್ಲಿ ಒಂದೂ ಕಾಳು ಉಳಿಯಲಿಲ್ಲ. ಆ ಬರಿದಾದ ಬೋಕಿಯನ್ನು ಎದೆಗೆ ಒತ್ತಿಕೊಂಡು ಗೋದವ್ವ ಮನಸ್ಸು ಹಗುರಾಗುವವರೆಗೂ ಅತ್ತಳು.